ಹಳೆಯ ವೈರಿಂಗ್‌ನ ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುವ ಕ್ರಮ

ಮೂರು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತಿವೆ. ಮೊದಲನೆಯದು, ಚಾರ್ಜರ್‌ನಲ್ಲಿ ಕೆಂಪು ದೀಪ ಮಿನುಗುತ್ತದೆ, ಚಾರ್ಜ್ ಶುರುವಾಗುವುದೇ ಇಲ್ಲ. ಎರಡನೆಯದು, ಶುರುವಾದರೂ ನಡುರಾತ್ರಿ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬಿದ್ದು ಬೆಳಿಗ್ಗೆ ಕಾರು ಅರ್ಧ ಚಾರ್ಜಿನಲ್ಲೇ ನಿಂತಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಎಲ್ಲವೂ ಸರಿಯಾಗಿದೆ ಎಂದುಕೊಂಡು ಎರಡು ಮೂರು ತಿಂಗಳು ಕಳೆದ ಮೇಲೆ ಪ್ಲಗ್ಗಿನ ಪಿನ್ನು ಕಪ್ಪಾಗಿ, ಸಾಕೆಟ್ ಕರಗಿ ಗೋಡೆಗೆ ಅಂಟಿಕೊಂಡಿರುತ್ತದೆ.

ಈ ಮೂರಕ್ಕೂ ಬೇರು ಹಳೆಯ ವೈರಿಂಗ್. ಮೊದಲನೆಯದಕ್ಕೆ ಹೆಚ್ಚಾಗಿ ಅರ್ಥಿಂಗ್ ಕಾರಣ, ಅದನ್ನು ಹಂತ 3ರಲ್ಲಿ ನೋಡೋಣ. ಉಳಿದೆರಡಕ್ಕೆ ಮುಖ್ಯ ಕಾರಣ ಹೊರೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಹಿಂದೆ ಮಾಡಿಸಿದ ವೈರಿಂಗ್ ದೊಡ್ಡ ಹೊರೆಯನ್ನು ಸ್ವಲ್ಪ ಹೊತ್ತು ತಾಳಿಕೊಳ್ಳಬಲ್ಲದು, ಇಡೀ ರಾತ್ರಿ ತಾಳಲಾರದು. ಗೀಸರ್ 2 ಕಿಲೋವ್ಯಾಟ್ ಎಳೆದರೂ ಇಪ್ಪತ್ತು ನಿಮಿಷದಲ್ಲಿ ನಿಲ್ಲುತ್ತದೆ. ಇಸ್ತ್ರಿಪೆಟ್ಟಿಗೆ ಆಗಾಗ ತಾನೇ ಆರಿ ಹತ್ತುತ್ತದೆ. ಕಾರಿನ ಜೊತೆಗೆ ಬರುವ ಸಾಮಾನ್ಯ ಚಾರ್ಜರ್ ಸುಮಾರು 3.3 ಕಿಲೋವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ 14ರಿಂದ 15 ಆಂಪ್ ಎಳೆಯುತ್ತದೆ. ಅದೂ ಎಂಟೊಂಬತ್ತು ಗಂಟೆ, ಒಂದು ನಿಮಿಷವೂ ಬಿಡುವಿಲ್ಲದೆ.

ಲೆಕ್ಕ ಹಾಕಿ ನೋಡಿ. ಸಾಕೆಟ್ಟಿನೊಳಗೆ ಒಂದು ಸ್ಕ್ರೂ ಸ್ವಲ್ಪ ಸಡಿಲವಾಗಿ, ಅಲ್ಲಿ ಕೇವಲ 0.1 ಓಮ್ ತಡೆ ಹುಟ್ಟಿದೆ ಎಂದುಕೊಳ್ಳೋಣ. 15 ಆಂಪ್ ಹರಿದಾಗ 15 × 15 × 0.1, ಅಂದರೆ ಸುಮಾರು 22 ವ್ಯಾಟ್ ಶಾಖ ಆ ಒಂದು ಬಿಂದುವಿನಲ್ಲಿ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟ್‌ನದು. ಗೋಡೆಯೊಳಗೆ ಅಂಥದೊಂದನ್ನು ರಾತ್ರಿಯಿಡೀ ಉರಿಯಲು ಬಿಟ್ಟು ಮಲಗಿದಂತೆ. ಇದರಲ್ಲಿ ಹರಿಯುವ ಕರೆಂಟ್ ಹೆಚ್ಚಾಗಿಲ್ಲವಾದ್ದರಿಂದ ಎಂಸಿಬಿಗೆ ಏನೂ ತಿಳಿಯುವುದಿಲ್ಲ.

ಹೆಚ್ಚಿನವರು ಮೊದಲು ಕಾರು ತರುತ್ತಾರೆ, ಆಮೇಲೆ ಸಾಕೆಟ್ ಹುಡುಕುತ್ತಾರೆ, ಕೆಂಪು ದೀಪ ಕಂಡ ಮೇಲೆ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ನೆನಪಾಗುತ್ತದೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಕಾರು ಬುಕ್ ಮಾಡಿದ ದಿನವೇ ಕೆಳಗಿನ ಕೆಲಸ ಶುರು ಮಾಡಿದರೆ, ಕಾರು ಬರುವ ಹೊತ್ತಿಗೆ ಎಲ್ಲವೂ ಸಿದ್ಧವಿರುತ್ತದೆ.

## ಕೈಯಲ್ಲಿ ಇರಬೇಕಾದವು

ನಿಮಗೆ ಬೇಕಾದದ್ದು ಸ್ವಲ್ಪವೇ: ಇತ್ತೀಚಿನ ಕರೆಂಟ್ ಬಿಲ್, ಟಾರ್ಚ್, ಅಳತೆ ಟೇಪು, ಒಂದು ಸಾಧಾರಣ ಮಲ್ಟಿಮೀಟರ್. ಕೈಗೆಟುಕಿದರೆ ಇನ್ಫ್ರಾರೆಡ್ ಥರ್ಮಾಮೀಟರ್ ಕೂಡ ಇರಲಿ.

ಎಲೆಕ್ಟ್ರಿಷಿಯನ್ ಬಳಿ ಇರಲೇಬೇಕಾದವು ಎರಡು: 500 ವೋಲ್ಟ್‌ನ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಯಂತ್ರ) ಮತ್ತು ಅರ್ಥ್ ಟೆಸ್ಟರ್ (ಅರ್ಥಿಂಗ್ ಅಳೆಯುವ ಯಂತ್ರ). "ಇವೆಲ್ಲ ಯಾಕೆ ಸಾರ್, ಟೆಸ್ಟರ್ ಸಾಕು" ಎನ್ನುವವರಿಂದ ಈ ಕೆಲಸ ಮಾಡಿಸಬೇಡಿ. ಫ್ಯಾನು, ಲೈಟು ರಿಪೇರಿಗೆ ಅವರು ಒಳ್ಳೆಯವರೇ ಇರಬಹುದು. ಆದರೆ ಇಲ್ಲಿ ಬೇಕಾದದ್ದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರ. ಲೋಡ್ ಹೆಚ್ಚಿಸುವ ಅರ್ಜಿಗೂ ಅವರ ಸಹಿ ಬೇಕಾಗುತ್ತದೆ.

## ಹಂತ 1: ಬಿಲ್ ಓದಿ, ಹೊರೆ ಲೆಕ್ಕ ಹಾಕಿ

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ, ಯಾವುದರ ಬಿಲ್ಲೇ ಆಗಿರಲಿ, ಅದರಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಹಳೆಯ ಮನೆಗಳಲ್ಲಿ ಅದು 1, 2 ಅಥವಾ 3 ಇರುವುದೇ ಹೆಚ್ಚು. ಕಾರಿನ ಚಾರ್ಜರ್ ಒಂದೇ 3.3 ಬೇಡುತ್ತದೆ. ಜೊತೆಗೆ ಫ್ರಿಜ್, ಫ್ಯಾನು, ನೀರಿನ ಮೋಟಾರು, ಬೆಳಗಿನ ಜಾವ ಯಾರಾದರೂ ಹಾಕುವ ಗೀಸರ್. ಇವನ್ನೆಲ್ಲ ಕೂಡಿಸಿ, ಒಂದೇ ಹೊತ್ತಿಗೆ ಓಡಬಹುದಾದಷ್ಟಕ್ಕೆ ಲೋಡ್ ಹೆಚ್ಚಿಸಲು ಉಪವಿಭಾಗದ ಕಚೇರಿಗೆ ಅರ್ಜಿ ಕೊಡಿ. ವಿಚಾರಿಸಲು 1912ಕ್ಕೆ ಕರೆ ಮಾಡಬಹುದು.

ಇದನ್ನು ಕಾಗದದ ಕೆಲಸವೆಂದು ಬಿಟ್ಟುಬಿಡುವವರು ಬಹಳ. ಆದರೆ ಕಂಬದಿಂದ ಮನೆಗೆ ಬಂದ ಸರ್ವಿಸ್ ವೈರು, ಮೀಟರ್ ಬೋರ್ಡಿನ ಕಟ್‌ಔಟ್ (ಅಲ್ಲಿನ ಮುಖ್ಯ ಫ್ಯೂಸ್) ಎರಡೂ ಆ ಹಳೆಯ ಲೋಡಿಗೆ ತಕ್ಕಂತೆಯೇ ಇವೆ. ಮೀಟರ್‌ವರೆಗಿನ ಭಾಗ ಕಂಪನಿಯದು, ಅದರ ಸೀಲ್ ಮುಟ್ಟುವಂತಿಲ್ಲ. ಲೋಡ್ ಹೆಚ್ಚಿಸಲು ಅರ್ಜಿ ಕೊಡುವಾಗಲೇ ಆ ವೈರನ್ನೂ ನೋಡಿಸಿಕೊಳ್ಳಿ.

ಮನೆಯ ಈಗಿನ ಸಂಪರ್ಕದಿಂದಲೇ ಸ್ವಂತ ಕಾರನ್ನು ಚಾರ್ಜ್ ಮಾಡಲು ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಅವಕಾಶ ಕೊಡುತ್ತದೆ. ಬೇಕೆಂದರೆ ಕಾರಿಗಾಗಿಯೇ ಪ್ರತ್ಯೇಕ ಸಂಪರ್ಕವನ್ನೂ ಕೇಳಬಹುದು, 2024ರ ವಿದ್ಯುತ್ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮ ಅದಕ್ಕೆ ದಾರಿ ಮಾಡಿದೆ. ಗೃಹಜ್ಯೋತಿಯ ಫಲಾನುಭವಿಗಳು ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ಸಣ್ಣ ಕಾರು ಸುಮಾರು 150 ಯೂನಿಟ್ ಬಳಸುತ್ತದೆ. ಮನೆಯ ಬಳಕೆಯೊಂದಿಗೆ ಸೇರಿ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಪ್ರತ್ಯೇಕ ಮೀಟರ್ ಬೇಕೇ ಎಂಬ ತೀರ್ಮಾನ ಇದರ ಮೇಲೆ ನಿಲ್ಲುತ್ತದೆ.

## ಹಂತ 2: ಇರುವ ವೈರಿಂಗ್ ಯಾವ ಕಾಲದ್ದು ಎಂದು ಗುರುತಿಸಿ

ಮೇನ್ ಸ್ವಿಚ್ ಆರಿಸಿ, ಟಾರ್ಚ್ ಹಿಡಿದು ನೋಡಿ. ಏನನ್ನೂ ಬಿಚ್ಚುವುದು ಬೇಡ.

ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ಸಣ್ಣ ಕ್ಲಿಪ್ಪುಗಳಲ್ಲಿ ವೈರು ಹೋಗಿದ್ದರೆ ಅಥವಾ ಮರದ ಕೇಸಿಂಗ್ ಒಳಗಿದ್ದರೆ, ಆ ವೈರಿಂಗ್ ಅನ್ನು ಕಾರಿಗೆ ಬಳಸುವ ವಿಚಾರ ಅಲ್ಲಿಗೇ ಬಿಡಿ. ಬಿಳಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿದ್ದರೆ ಅದೂ ಹಳೆಯ ಕಾಲದ್ದೇ. ಅಂಥ ಫ್ಯೂಸಿನಲ್ಲಿ ಫ್ಯೂಸ್ ವೈರಿನ ಬದಲು ಯಾರೋ ಎಂದೋ ದಪ್ಪ ತಾಮ್ರದ ಎಳೆ ಸುತ್ತಿಟ್ಟಿರುವುದು ಸಾಮಾನ್ಯ. ಅದು ಎಂದೂ ಸುಡುವುದಿಲ್ಲ, ಬದಲಿಗೆ ಗೋಡೆಯೊಳಗಿನ ವೈರು ಸುಡುತ್ತದೆ. ಹೆಂಚಿನ ಮನೆಗಳಲ್ಲಿ ಮಾಡಿನ ಕೆಳಗೆ ಹೋದ ವೈರನ್ನು ಇಲಿ ಕಡಿದಿರುತ್ತದೆ. ಕರಾವಳಿಯ ಮನೆಗಳಲ್ಲಿ ಉಪ್ಪುಗಾಳಿಗೆ ಸಾಕೆಟ್ಟಿನ ಹಿತ್ತಾಳೆ ಹಸಿರುಗಟ್ಟಿರುತ್ತದೆ.

ಎಲೆಕ್ಟ್ರಿಷಿಯನ್ ಒಂದು ಬೋರ್ಡ್ ಬಿಚ್ಚಿದಾಗ ವೈರಿನ ಅಳತೆ ಕೇಳಿ. ಹಳಬರು ಇಂದಿಗೂ 1/18, 3/22, 3/20, 7/20 ಎಂದೇ ಹೇಳುತ್ತಾರೆ. ಮೊದಲನೆಯ ಅಂಕೆ ಎಳೆಗಳ ಸಂಖ್ಯೆ, ಎರಡನೆಯದು ಗೇಜು. 1/18 ಮತ್ತು 3/22 ಸುಮಾರು 1.2 ಚದರ ಮಿ.ಮೀ., 3/20 ಸುಮಾರು 2 ಚದರ ಮಿ.ಮೀ., 7/20 ಸುಮಾರು 4.5 ಚದರ ಮಿ.ಮೀ. ಕೊನೆಯದನ್ನು ಬಿಟ್ಟರೆ ಉಳಿದವು ಯಾವುವೂ ಕಾರಿಗೆ ಸಲ್ಲವು. ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ತಂತಿ ಕಂಡರೆ ದಪ್ಪ ಎಷ್ಟಿದ್ದರೂ ಬೇಡ. ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ನಿಧಾನವಾಗಿ ಒತ್ತಿಹೋಗಿ ಸಡಿಲವಾಗುತ್ತದೆ, ಮೇಲ್ಮೈಯಲ್ಲಿ ಆಕ್ಸೈಡ್ ಪದರ ಕಟ್ಟುತ್ತದೆ. ಆ 0.1 ಓಮ್ ಹುಟ್ಟುವುದು ಇಂಥಲ್ಲೇ.

ಮನೆಯ ವೈರಿಂಗ್ ಹೇಗೇ ಇರಲಿ, ನನ್ನ ತೀರ್ಮಾನ ಒಂದೇ: ಗೀಸರ್ ಸಾಕೆಟ್, ವಾಷಿಂಗ್ ಮೆಷಿನ್ ಸಾಕೆಟ್, ಪೋರ್ಟಿಕೋದಲ್ಲಿ ಮೊದಲೇ ಇದ್ದ ಪವರ್ ಪಾಯಿಂಟ್, ಯಾವುದನ್ನೂ ಕಾರಿಗೆ ಬಳಸಬೇಡಿ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಹೊಸದೊಂದು ಲೈನ್ ಎಳೆಸಿ. ಮನೆಯ ವೈರಿಂಗ್ ಪೂರ್ತಿ ಬದಲಿಸುವುದಕ್ಕೆ ಹೋಲಿಸಿದರೆ ಈ ಖರ್ಚು ತೀರಾ ಸಣ್ಣದು. ಗೋಡೆ ಕೊರೆಯುವ ಅಗತ್ಯವೂ ಇಲ್ಲ, ಹೊರಗಿನಿಂದ ಪೈಪಿನಲ್ಲಿ ತರಬಹುದು.

## ಹಂತ 3: ಅರ್ಥಿಂಗ್

ಕೆಂಪು ದೀಪದ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಕಾರಿನ ಚಾರ್ಜರ್ ಕರೆಂಟ್ ಎಳೆಯುವ ಮೊದಲು ಅರ್ಥ್ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲವೆಂದರೆ ಮುಂದುವರಿಯುವುದಿಲ್ಲ. ಅದು ನಿಮ್ಮ ಜೀವ ಕಾಯಲು ಮಾಡಿದ ವ್ಯವಸ್ಥೆ.

ಇಲ್ಲಿ ನಡೆಯುವ ಅತಿ ದೊಡ್ಡ ತಪ್ಪನ್ನು ಬಿಡಿಸಿ ಹೇಳಬೇಕು. ಕೆಂಪು ದೀಪ ಹೋಗಲೆಂದು ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ (ಕರೆಂಟ್ ಮರಳುವ ತಂತಿಯಿಂದ) ಅರ್ಥ್ ಪಿನ್ನಿಗೆ ಒಂದು ತುಂಡು ವೈರಿನ ಲೂಪ್ ಕೊಟ್ಟುಬಿಡುತ್ತಾರೆ. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಮನೆಯವರಿಗೆ ಸಂತೋಷ. ಒಂದು ದಿನ ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಕಡಿದುಹೋಗುತ್ತದೆ. ಆಗ ಮನೆಯ ಬಲ್ಬು, ಫ್ಯಾನುಗಳ ಮೂಲಕ ಹರಿದು ಬಂದ ಕರೆಂಟಿಗೆ ಮರಳುವ ದಾರಿ ಇಲ್ಲದೆ, ಆ ಲೂಪ್ ಮೂಲಕ 230 ವೋಲ್ಟ್ ನೇರವಾಗಿ ಕಾರಿನ ಲೋಹದ ಮೈಗೆ ಬರುತ್ತದೆ. ಕಾರು ರಬ್ಬರ್ ಟೈರಿನ ಮೇಲೆ ನಿಂತಿರುತ್ತದೆ, ಆದ್ದರಿಂದ ಕರೆಂಟು ಭೂಮಿಗೆ ಇಳಿಯುವುದಿಲ್ಲ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಮೂಲಕ ಇಳಿಯುತ್ತದೆ. ಯಾರೇ ಈ ಲೂಪ್ ಕೊಡಲು ಬಂದರೆ ಅಲ್ಲೇ ತಡೆಯಿರಿ.

ಮೊದಲ ಪರೀಕ್ಷೆ ನಿಮ್ಮದು. ಮಲ್ಟಿಮೀಟರನ್ನು ಏಸಿ ವೋಲ್ಟ್‌ಗೆ ಇಟ್ಟು ಮೂರು ಅಳತೆ ನೋಡಿ. ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ಬರಬೇಕು. ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ಒಳಗಿರಬೇಕು. ಮೂರನೆಯದು ಹತ್ತಿಪ್ಪತ್ತು ಇದ್ದರೆ ಅರ್ಥ್ ಅಥವಾ ನ್ಯೂಟ್ರಲ್‌ನಲ್ಲಿ ದೋಷವಿದೆ. ಹೊರೆ ಇದ್ದಾಗಲೂ ಅದು ನಿಖರವಾಗಿ ಸೊನ್ನೆಯೇ ತೋರಿಸಿದರೆ ಯಾರೋ ಈಗಾಗಲೇ ಲೂಪ್ ಕೊಟ್ಟಿರಬಹುದು ಎಂದು ಅನುಮಾನಿಸಿ.

ಎರಡನೆಯ ಪರೀಕ್ಷೆ ಎಲೆಕ್ಟ್ರಿಷಿಯನ್‌ದು. ಮಲ್ಟಿಮೀಟರ್ ಎಳೆಯುವ ಕರೆಂಟ್ ತೀರಾ ಅತ್ಯಲ್ಪ. ಕೂದಲೆಳೆಯಷ್ಟು ಉಳಿದ, ತುಕ್ಕು ಹಿಡಿದ ಅರ್ಥ್ ತಂತಿಯೂ ಅದಕ್ಕೆ 230 ವೋಲ್ಟ್ ತೋರಿಸಿಬಿಡುತ್ತದೆ. ಅರ್ಥ್ ಎಷ್ಟು ಗಟ್ಟಿ ಎಂಬುದನ್ನು ಹೇಳುವುದು ಅರ್ಥ್ ಟೆಸ್ಟರ್ ಮಾತ್ರ. 5 ಓಮ್ ಒಳಗೆ ಬಂದರೆ ನೆಮ್ಮದಿ. ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟ್ ಬಲ್ಬ್ ಹಚ್ಚಿ ನೋಡುವ ಹಳೆಯ ಪದ್ಧತಿ ಒಪ್ಪಬೇಡಿ. ಅರ್ಥ್ ಕೆಟ್ಟಿದ್ದರೆ ಆ ಕ್ಷಣದಲ್ಲಿ ಮನೆಯ ಫ್ರಿಜ್, ಗೀಸರ್ ಎಲ್ಲದರ ಲೋಹದ ಮೈಗೂ ಕರೆಂಟ್ ಬರುತ್ತದೆ.

ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿರುವುದನ್ನು ಕಾಣಬಹುದು. ಆ ಪೈಪಿನ ಅರ್ಧವನ್ನು ಯಾವಾಗಲೋ ಪಿವಿಸಿಗೆ ಬದಲಿಸಿರುತ್ತಾರೆ, ಅಲ್ಲಿಗೆ ಅರ್ಥ್ ಮುಗಿಯಿತು. ಕಾರಿಗೆ ಹೊಸ ಅರ್ಥ್ ಗುಂಡಿಯೇ ಒಳ್ಳೆಯದು. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ, ಎರಡೂವರೆಯಿಂದ ಮೂರು ಮೀಟರ್ ಆಳಕ್ಕೆ ಜಿಐ ಪೈಪ್ ಅಥವಾ ತಾಮ್ರದ ಲೇಪವಿರುವ ಸರಳು ಇಳಿಸಬೇಕು. ಇದ್ದಿಲು ಮತ್ತು ಉಪ್ಪಿನ ಹಳೆಯ ವಿಧಾನ ಅಗ್ಗ, ಆದರೆ ಉಪ್ಪು ಕಾಲಕ್ರಮದಲ್ಲಿ ಕರಗಿಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬುವ ವಿಧಾನಕ್ಕೆ ಹಣ ಹೆಚ್ಚು, ಕಾಟ ಕಡಿಮೆ. ಬಂಡೆಯ ನೆಲ ಅಥವಾ ಜಂಬಿಟ್ಟಿಗೆ ನೆಲವಾದರೆ ಒಂದು ಸರಳಿನಿಂದ 5 ಓಮ್ ಸಿಗದೆ ಇರಬಹುದು. ಆಗ ಮೂರು ಮೀಟರ್ ಅಂತರದಲ್ಲಿ ಇನ್ನೊಂದನ್ನು ಇಳಿಸಿ ಎರಡನ್ನೂ ಜೋಡಿಸಬೇಕು, ಮನೆಯ ಹಳೆಯ ಅರ್ಥ್‌ಗೂ ಸೇರಿಸಬೇಕು.

ಮಳೆಗಾಲವಿಡೀ ಚೆನ್ನಾಗಿದ್ದ ಚಾರ್ಜರ್ ಮಾರ್ಚ್ ಏಪ್ರಿಲ್‌ನಲ್ಲಿ ಕೆಂಪು ದೀಪ ತೋರಿಸತೊಡಗಿದರೆ ಗುಂಡಿ ಒಣಗಿದೆ ಎಂದರ್ಥ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಸುರಿಯಿರಿ. ನಮ್ಮ ಮನೆಯಲ್ಲಿ ಗಿಡಗಳಿಗೆ ನೀರು ಹಾಕುವವರಿಗೇ ಈ ಕೆಲಸ ಒಪ್ಪಿಸಿದ್ದೇವೆ, ಹಾಗಾಗಿ ಮರೆಯುವುದಿಲ್ಲ.

## ಹಂತ 4: ಹೊಸ ಲೈನ್

ವೈರು. 16 ಆಂಪ್ ಸಾಕೆಟ್‌ಗೆ 2.5 ಚದರ ಮಿ.ಮೀ. ತಾಮ್ರ ಸಾಕು ಎಂದು ಹೇಳುತ್ತಾರೆ. ಸ್ವಲ್ಪ ಹೊತ್ತಿನ ಹೊರೆಗೆ ಅದು ನಿಜ. ರಾತ್ರಿಯಿಡೀ ಓಡುವ ಕಾರಿಗೆ 4 ಚದರ ಮಿ.ಮೀ. ಹಾಕಿಸಿ. ಮೀಟರ್‌ನಿಂದ ಕಾರಿಗೆ 25 ಮೀಟರ್ ದೂರ ಇದ್ದರೆ ಹೋಗಿ ಬರುವ ಒಟ್ಟು ಉದ್ದ 50 ಮೀಟರ್. 15 ಆಂಪ್‌ನಲ್ಲಿ 1.5 ಚದರ ಮಿ.ಮೀ. ವೈರಿನೊಳಗೆ ಸುಮಾರು 135 ವ್ಯಾಟ್ ಶಾಖವಾಗಿ ಹೋಗುತ್ತದೆ, 2.5ರಲ್ಲಿ ಸುಮಾರು 83, 4ರಲ್ಲಿ 55ರ ಆಸುಪಾಸು. ಕೆಂಪು (ಫೇಸ್), ಕಪ್ಪು (ನ್ಯೂಟ್ರಲ್), ಹಸಿರು (ಅರ್ಥ್) ಮೂರೂ ಒಂದೇ ಪೈಪಿನಲ್ಲಿ, ನಡುವೆ ಎಲ್ಲೂ ಜಾಯಿಂಟ್ ಇಲ್ಲದೆ ಬರಬೇಕು. ಹಸಿರು ತಂತಿಯನ್ನು ಮಾತ್ರ ತೆಳ್ಳಗಿನದು ಹಾಕಿ ಉಳಿಸುವವರಿದ್ದಾರೆ, ಎದುರಿಗೆ ನಿಂತು ನೋಡಿ.

ಎಂಸಿಬಿ. 4 ಚದರ ಮಿ.ಮೀ. ವೈರಿಗೆ ಸಿ ಕರ್ವ್‌ನ (ಆರಂಭದ ಕ್ಷಣಿಕ ಏರಿಕೆಗೆ ಬೀಳದ ಬಗೆಯ) 20 ಆಂಪ್, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಎಂಸಿಬಿಯ ಮೇಲೆ ಬರೆದ ಅಳತೆ 30 ಡಿಗ್ರಿ ತಾಪಮಾನಕ್ಕೆ ಹೊಂದಿದ್ದು. ಕಾದ ತಗಡಿನ ಡಬ್ಬಿಯೊಳಗೆ 16 ಆಂಪ್‌ನ ಎಂಸಿಬಿ 15 ಆಂಪ್‌ಗೂ ಬೀಳಬಹುದು, ನಡುರಾತ್ರಿಯ ದೂರುಗಳಲ್ಲಿ ಕೆಲವಕ್ಕೆ ಕಾರಣ ಇಷ್ಟೇ. ಆದರೆ ಬೀಳುತ್ತದೆ ಎಂದು ಹಳೆಯ ವೈರಿಗೇ 32 ಆಂಪ್‌ನ ಎಂಸಿಬಿ ಹಾಕಿಸುವುದು ಮನೆಗೆ ಬೆಂಕಿ ಕರೆದಂತೆ. ಎಂಸಿಬಿ ಇರುವುದು ವೈರನ್ನು ಕಾಯಲು. ವೈರು ತಾಳುವುದಕ್ಕಿಂತ ದೊಡ್ಡದು ಹಾಕಿದರೆ ಕಾಯುವವರೇ ಇಲ್ಲದಂತಾಗುತ್ತದೆ.

ಆರ್‌ಸಿಸಿಬಿ. ಕರೆಂಟ್ ಸೋರಿದರೆ ಕೂಡಲೇ ಲೈನ್ ಕಡಿಯುವ ಸ್ವಿಚ್ ಇದು, ಬಿಡುವಂತಿಲ್ಲ. ಅರ್ಥ್ 5 ಓಮ್ ಇರುವ ಮನೆಯಲ್ಲಿ ಫೇಸ್ ಕಾರಿನ ಲೋಹದ ಮೈಗೆ ತಗುಲಿತು ಎಂದುಕೊಳ್ಳಿ. ಹೆಚ್ಚೆಂದರೆ 230 ÷ 5, ಅಂದರೆ 46 ಆಂಪ್ ಹರಿಯುತ್ತದೆ. ಸಿ ಕರ್ವ್‌ನ 20 ಆಂಪ್ ಎಂಸಿಬಿ ಕ್ಷಣದಲ್ಲಿ ಬೀಳಲು 100 ಆಂಪ್‌ಗಿಂತ ಹೆಚ್ಚು ಬೇಕು. ಅಷ್ಟರವರೆಗೆ ಬಾಡಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಕೊಳ್ಳುವಾಗ ಎ ವಿಧದ್ದು ಕೇಳಿ. ಅಂಗಡಿಯವರು ಸಾಮಾನ್ಯವಾಗಿ ಕೊಡುವ ಏಸಿ ವಿಧದ್ದು, ಚಾರ್ಜರ್‌ನಂಥ ಎಲೆಕ್ಟ್ರಾನಿಕ್ ಉಪಕರಣದ ಸೋರಿಕೆಯನ್ನು ಪೂರ್ತಿ ಗುರುತಿಸುವುದಿಲ್ಲ.

ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತಿದ್ದರೆ ಹೊಸ ಲೈನಿನ ನ್ಯೂಟ್ರಲ್ ಎಲ್ಲೋ ಹಳೆಯ ಲೈನಿನ ನ್ಯೂಟ್ರಲ್ ಜೊತೆ ಸೇರಿರಬಹುದು, ಅಥವಾ ಕರೆಂಟ್ ನಿಜಕ್ಕೂ ಸೋರುತ್ತಿರಬಹುದು. ಕೆಲಸ ಮುಗಿದ ಮೇಲೆ ಮೆಗ್ಗರ್ ಹಚ್ಚಿ ಫೇಸ್, ನ್ಯೂಟ್ರಲ್‌ಗಳಿಂದ ಅರ್ಥ್‌ಗೆ ಇನ್ಸುಲೇಷನ್ ನೋಡಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಕೆಲಸ ಒಪ್ಪಬೇಡಿ, ಹೊಸ ವೈರಿಗೆ ಅದಕ್ಕಿಂತ ಬಹಳ ಹೆಚ್ಚೇ ಬರುತ್ತದೆ.

ಈ ಲೈನ್ ಯುಪಿಎಸ್ ಕಡೆಯಿಂದ ಬರಬಾರದು. ಹಳೆಯ ಮನೆಗಳಲ್ಲಿ ಯುಪಿಎಸ್ ಹಾಕಿಸುವಾಗ ವೈರುಗಳನ್ನು ಹೇಗೆ ಹೇಗೋ ಬೆರೆಸಿರುತ್ತಾರೆ. ಮೇನ್ ಆರಿಸಿದಾಗ ಹೊಸ ಸಾಕೆಟ್ಟಿನಲ್ಲಿ ಕರೆಂಟ್ ಉಳಿದಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಸಿಡಿಲು ಹೆಚ್ಚಿರುವ ಮಲೆನಾಡು, ಕರಾವಳಿಯವರು ಒಂದು ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿ, ಗುಡುಗು ಶುರುವಾದ ಸಂಜೆ ಚಾರ್ಜಿಗೆ ಹಾಕಬೇಡಿ.

## ಹಂತ 5: ಸಾಕೆಟ್

ಐಎಸ್‌ಐ ಗುರುತಿನ 16 ಆಂಪ್ ಸಾಕೆಟ್ ಹೊಸದನ್ನೇ ತನ್ನಿ. 6 ಮತ್ತು 16 ಆಂಪ್ ಎರಡಕ್ಕೂ ಆಗುವ ಸಾಕೆಟ್ ಬೇಡ, ಅದರ ಹಿಡಿತ ಬೇಗ ಸಡಿಲವಾಗುತ್ತದೆ. ಪಿನ್ನು ಚುಚ್ಚಿದಾಗ ಗಟ್ಟಿಯಾಗಿ ಹಿಡಿಯಬೇಕು, ತೆಗೆಯಲು ಸ್ವಲ್ಪ ಬಲ ಬೇಕು. ನೆಲದಿಂದ ಒಂದು ಮೀಟರ್‌ಗಿಂತ ಮೇಲೆ, ಮಳೆಯ ಎರಚಲು ತಾಗದಂತೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಕೂರಿಸಿ.

ಚಾರ್ಜರ್‌ನ ಡಬ್ಬಿಯನ್ನು ಪ್ಲಗ್ಗಿನಿಂದ ನೇತಾಡಲು ಬಿಡುವುದು ಎಲ್ಲ ಕಡೆ ಕಾಣುವ ತಪ್ಪು. ಅದರ ಭಾರಕ್ಕೆ ಪ್ಲಗ್ಗು ದಿನದಿನಕ್ಕೂ ಕೆಳಗೆ ಜಗ್ಗಿ, ಮೇಲಿನ ಅರ್ಥ್ ಪಿನ್ನು ಹೊರಬರುತ್ತದೆ. ಸಾಕೆಟ್ ಪಕ್ಕದಲ್ಲೇ ಒಂದು ಕೊಕ್ಕೆ ಹೊಡೆದು ಡಬ್ಬಿಯನ್ನು ಅದಕ್ಕೆ ತೂಗುಹಾಕಿ.

ಎಕ್ಸ್‌ಟೆನ್ಷನ್ ಬೋರ್ಡ್, ಮಲ್ಟಿಪ್ಲಗ್, ಕನ್ವರ್ಟರ್ ಪಿನ್ನು ಯಾವುದೂ ಬೇಡ. ವೈರು ಸುತ್ತಿಟ್ಟ ಎಕ್ಸ್‌ಟೆನ್ಷನ್ ರೀಲ್ ಇನ್ನೂ ಕೆಟ್ಟದ್ದು, ಸುರುಳಿಯ ಒಳಗಿನ ಶಾಖಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಕೇಬಲ್ ಕಾರಿಗೆ ತಲುಪುತ್ತಿಲ್ಲವಾದರೆ ಸಾಕೆಟ್ಟನ್ನು ಕಾರಿನ ಹತ್ತಿರಕ್ಕೆ ತರಬೇಕು.

## ಹಂತ 6: ಮೊದಲ ಚಾರ್ಜ್ ಹಗಲಿನಲ್ಲಿ

ಮೊದಲ ಸಲ ರಾತ್ರಿ ಹಾಕಿ ಮಲಗಬೇಡಿ. ರಜೆಯ ದಿನ ಬೆಳಿಗ್ಗೆ ಹಾಕಿ.

1. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಬೀಳದಿದ್ದರೆ ಮುಂದೆ ಹೋಗಬೇಡಿ.
2. ಸ್ವಿಚ್ ಆರಿಸಿಯೇ ಪ್ಲಗ್ ಚುಚ್ಚಿ, ಆಮೇಲೆ ಸ್ವಿಚ್ ಹಾಕಿ, ಚಾರ್ಜರ್ ಹಸಿರು ದೀಪ ತೋರಿಸಿದ ಮೇಲೆ ಕಾರಿಗೆ ಜೋಡಿಸಿ.
3. ಕಾರಿನಲ್ಲಿ ಕರೆಂಟ್ ಇಳಿಸುವ ಸೌಲಭ್ಯವಿದ್ದರೆ 8 ಅಥವಾ 10 ಆಂಪ್‌ನಿಂದ ಆರಂಭಿಸಿ. ಇಷ್ಟರಲ್ಲೇ ನಿಮ್ಮ ಓಡಾಟಕ್ಕೆ ಸಾಕಾದರೆ ಹಾಗೆಯೇ ಇಟ್ಟುಕೊಳ್ಳಿ. ಕರೆಂಟ್ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ.
4. ಮೊದಲ ಗಂಟೆ ಕಾಲು ಗಂಟೆಗೊಮ್ಮೆ ಪ್ಲಗ್, ಸಾಕೆಟ್, ಎಂಸಿಬಿಯ ಹೊರಮೈಯನ್ನು ಒಣಗಿದ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ. ಆಮೇಲೆ ಗಂಟೆಗೊಮ್ಮೆ ಸಾಕು.
5. ಮೂರನೆಯ ಗಂಟೆಯ ಅಳತೆಯೇ ನಿಜವಾದ ಅಳತೆ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಮೊದಲು ಕಾರಿನ ಕಡೆಯಿಂದ ಚಾರ್ಜ್ ನಿಲ್ಲಿಸಿ, ಆಮೇಲೆ ಸ್ವಿಚ್ ಆರಿಸಿ. ಹರಿಯುತ್ತಿರುವ ಕರೆಂಟಿನ ಮೇಲೆ ಪ್ಲಗ್ ಕೀಳಬೇಡಿ, ಕಿಡಿ ಹಾರಿ ಪಿನ್ನು ಸುಡುತ್ತದೆ.

ಎಲ್ಲ ಸರಿ ಬಂದರೆ ಮುಂದೆ ರಾತ್ರಿ ಹನ್ನೊಂದರ ನಂತರ ಶುರುವಾಗುವಂತೆ ಕಾರಿನಲ್ಲಿ ಹೊತ್ತು ನಿಗದಿ ಮಾಡಿ. ಬೆಳಗಿನ ಗೀಸರ್ ಹೊತ್ತಿಗೆ ಅದು ಮುಗಿದಿರಲಿ.

## ಎಚ್ಚರಿಕೆಯ ಲಕ್ಷಣಗಳು

ಮೀನು ಸುಟ್ಟಂಥ ವಾಸನೆ ಬಂದರೆ ಅಡುಗೆಮನೆಯನ್ನು ನೋಡಬೇಡಿ, ಸಾಕೆಟ್ ನೋಡಿ. ಸ್ವಿಚ್ ಸಾಕೆಟ್‌ಗಳ ಪ್ಲಾಸ್ಟಿಕ್ ಕಾದಾಗ ಬರುವ ವಾಸನೆ ಅದು. ಬೆಂಕಿಗೆ ಮುನ್ನ ಸಿಗುವ ಕೊನೆಯ ಸೂಚನೆ ಅದೇ ಇರಬಹುದು.

ಪಿನ್ನಿನ ಬುಡದಲ್ಲಿ ಕಂದು ಬಣ್ಣ, ಸಾಕೆಟ್ಟಿನಿಂದ ಸಣ್ಣ ಗುಂಯ್ ಸದ್ದು, ಚಾರ್ಜ್ ಶುರುವಾದಾಗ ಮನೆಯ ದೀಪಗಳು ಮಂಕಾಗುವುದು, ಯಾವ ಒಂದನ್ನೂ ಕಡೆಗಣಿಸಬೇಡಿ. ದೀಪಗಳು ಮಂಕಾಗುವ ಬದಲು ಕೆಲವು ಅತಿಯಾಗಿ ಬೆಳಗತೊಡಗಿದರೆ ನ್ಯೂಟ್ರಲ್ ಕಡಿದಿರಬಹುದು. ತಕ್ಷಣ ಮೇನ್ ಆರಿಸಿ 1912ಕ್ಕೆ ತಿಳಿಸಿ. ಕಾರಿನ ಬಾಡಿ ಮುಟ್ಟಿದಾಗ ಜುಮ್ಮೆಂದರೆ ಕಾರನ್ನು ಮತ್ತೆ ಮುಟ್ಟದೆ, ಮಕ್ಕಳನ್ನೂ ಹತ್ತಿರ ಬಿಡದೆ ಮೇನ್ ಆರಿಸಿ, ಅರ್ಥ್ ಪರೀಕ್ಷೆಯಾಗುವವರೆಗೆ ಚಾರ್ಜ್ ಮಾಡಬೇಡಿ.

## 7.2 ಕಿಲೋವ್ಯಾಟ್ ಚಾರ್ಜರ್ ಬೇಕೆನ್ನುವವರಿಗೆ

ಗೋಡೆಗೆ ಕೂರಿಸುವ ಈ ಚಾರ್ಜರ್ 32 ಆಂಪ್ ಎಳೆಯುತ್ತದೆ. ಅದಕ್ಕೆ ಸಾಕೆಟ್ ಇಲ್ಲ, ನೇರ ಜೋಡಣೆ. ವೈರು ಕನಿಷ್ಠ 6 ಚದರ ಮಿ.ಮೀ., ದೂರ ಹೆಚ್ಚಿದ್ದರೆ 10. ಮಂಜೂರಾದ ಲೋಡ್ ಹೆಚ್ಚಿಸದೆ ಸಾಧ್ಯವೇ ಇಲ್ಲ, ತ್ರೀ ಫೇಸ್‌ಗೆ ಹೋಗಬೇಕಾಗಬಹುದು. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಓಡಿಸುವವರಿಗೆ 3.3 ಕಿಲೋವ್ಯಾಟ್‌ನಲ್ಲಿ ಮೂರು ನಾಲ್ಕು ಗಂಟೆ ಚಾರ್ಜ್ ಆದರೆ ಸಾಕು. ಹಳೆಯ ಮನೆಗೆ ನಾನು ಅದನ್ನೇ ಹೇಳುತ್ತೇನೆ.

## ಆಮೇಲಿನ ನಿಗಾ

ಒಂದು ತಿಂಗಳು ಚಾರ್ಜ್ ಮಾಡಿದ ಮೇಲೆ ಎಲೆಕ್ಟ್ರಿಷಿಯನ್‌ರನ್ನು ಮತ್ತೊಮ್ಮೆ ಕರೆಸಿ, ಮೇನ್ ಆರಿಸಿ, ಸಾಕೆಟ್, ಎಂಸಿಬಿ, ಮೀಟರ್ ಬೋರ್ಡಿನ ಹೊಸ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ. ದಿನವೂ ಕಾದು ತಣಿಯುವಾಗ ಅವು ಸಡಿಲವಾಗುತ್ತವೆ. ಕೆಲಸ ಒಪ್ಪಿಕೊಳ್ಳುವಾಗಲೇ ಈ ಎರಡನೆಯ ಭೇಟಿಯ ಹಣವನ್ನೂ ಸೇರಿಸಿ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅವರು ಬರುವುದಿಲ್ಲ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಪ್ರತಿ ತಿಂಗಳ ಮೊದಲ ದಿನ ಒತ್ತಿ. ಅರ್ಥ್ ಅಳತೆಯನ್ನು ವರ್ಷಕ್ಕೊಮ್ಮೆ, ನೆಲ ಅತಿ ಹೆಚ್ಚು ಒಣಗಿರುವ ಏಪ್ರಿಲ್‌ನಲ್ಲಿ ಮಾಡಿಸಿ, ಬಂದ ಅಂಕೆಯನ್ನು ದಿನಾಂಕದೊಂದಿಗೆ ಮೀಟರ್ ಪೆಟ್ಟಿಗೆಯ ಬಾಗಿಲ ಒಳಗೆ ಬರೆದಿಡಿ. ಸಾಕೆಟ್ಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ, ನೋಡಲು ಚೆನ್ನಾಗಿದ್ದರೂ ಸರಿ.